ಕಂಬ ಅಡ್ಡ ಬಂದ ಕೂಡಲೇ ಮಾಸ್ಕ್ ಅಲ್ಲೇ ಅಂಟಿಕೊಳ್ಳುತ್ತೆ, ಏನು ಮಾಡೋದು?

ರೀಲ್‌ಪೆಟ್ಟಿಗೆ: ಸೆಕೆಂಡಿಗೆ 25 ಫ್ರೇಮ್‌ನ 6 ಸೆಕೆಂಡ್ ಶಾಟ್. ಬೈಕ್ ಓರೆಯಾಗಿ ದೂರ ಹೋಗುತ್ತೆ, ಹಿಂದಿನ ನಂಬರ್ ಪ್ಲೇಟ್ ಮರೆಮಾಚಬೇಕು. ವಿಡಿಯೋ ಎಡಿಟ್ ಮಾಡುವ ಪ್ರೀಮಿಯರ್‌ನಲ್ಲಿ ಗಾಸಿಯನ್ ಬ್ಲರ್‌ಗೆ (ಮಸುಕು ಮಾಡುವ ಎಫೆಕ್ಟ್) ಮಾಸ್ಕ್ (ಬ್ಲರ್ ಎಲ್ಲಿರಬೇಕು ಅನ್ನೋ ಆಕಾರ) ಬರೆದು ಟ್ರ್ಯಾಕ್ ಕೊಟ್ಟರೆ, ಅಂದರೆ ಪ್ಲೇಟನ್ನು ತಾನೇ ಹಿಂಬಾಲಿಸೋಕೆ ಬಿಟ್ಟರೆ, ಕಂಬದವರೆಗೆ ಸರಿ. ಬೈಕ್ ಕಂಬದ ಆಚೆ ಬಂದರೂ ಮಾಸ್ಕ್ ಕಂಬ ಬಿಟ್ಟು ಬರಲ್ಲ.

ನೋಡ್‌ಗಾರ: ಟ್ರ್ಯಾಕರ್‌ಗೆ ಬೈಕ್ ಯಾವುದು, ಕಂಬ ಯಾವುದು ಅಂತ ಗೊತ್ತಿಲ್ಲ. ಹಿಂದಿನ ಫ್ರೇಮಿನ ಗುರುತು ಈ ಫ್ರೇಮಿನಲ್ಲಿ ಎಲ್ಲಿದೆ ಅಂತ ಹುಡುಕುತ್ತೆ, ಅಷ್ಟೇ. ಕಂಬದ ಅಂಚು ಎದ್ದು ಕಾಣುತ್ತಲ್ಲ, ಅದನ್ನೇ ಹಿಡಿದುಕೊಂಡಿದೆ. ಪ್ಲೇಟಿಗೆ ಕಂಬ ತಾಗುವ ಹಿಂದಿನ ಫ್ರೇಮಿಗೆ ಹೋಗಿ, ಅಲ್ಲಿಂದಾಚೆಯ ಮಾಸ್ಕ್ ಪಾತ್ ಕೀಫ್ರೇಮ್‌ಗಳನ್ನೆಲ್ಲ (ಯಾವ ಫ್ರೇಮಲ್ಲಿ ಮಾಸ್ಕ್ ಎಲ್ಲಿರಬೇಕು ಅಂತ ಹೇಳುವ ಗುರುತುಗಳು) ಅಳಿಸಿ. ಪ್ಲೇಟ್ ಮತ್ತೆ ಪೂರ್ತಿ ಕಂಡ ಫ್ರೇಮಿನಲ್ಲಿ ಮಾಸ್ಕನ್ನು ಕೈಯಿಂದ ಕೂರಿಸಿ, ಅಲ್ಲಿಂದ ಮುಂದಕ್ಕೆ ಟ್ರ್ಯಾಕ್ ಮಾಡಿ. ನಡುವಿನದನ್ನು ಸಾಫ್ಟ್‌ವೇರೇ ತುಂಬಿಕೊಳ್ಳುತ್ತೆ. ಬೈಕ್ ಚಿಕ್ಕದಾಗುತ್ತಾ ಹೋಗೋದರಿಂದ ಬರೀ ಪೊಸಿಷನ್ (ಜಾಗ) ಸಾಲದು. ಪೊಸಿಷನ್, ಸ್ಕೇಲ್ (ಅಳತೆ), ರೊಟೇಶನ್ (ತಿರುಗುವಿಕೆ) ಮೂರೂ ಇರುವ ಆಯ್ಕೆ ತಗೊಳ್ಳಿ.

ಕತ್ತರಿ: ಇಷ್ಟಕ್ಕೆ ಟ್ರ್ಯಾಕರ್ ಯಾಕೆ? 150 ಫ್ರೇಮ್. ಮೊದಲು, ಕೊನೆ, ನಡು, ಆಮೇಲೆ ನಡುವಿನ ನಡು, ಹೀಗೆ ಅರ್ಧರ್ಧ ಮಾಡ್ತಾ ಹೋದರೆ ಹದಿನೈದು ಕೀಫ್ರೇಮಲ್ಲಿ ಮುಗೀತು. ಟ್ರ್ಯಾಕರ್ ಪ್ರತಿ ಫ್ರೇಮಿಗೂ ಒಂದು ಕೀಫ್ರೇಮ್ ಸುರಿಯುತ್ತೆ, ಆಮೇಲೆ ತಿದ್ದೋದು ತಲೆನೋವು.

ನೋಡ್‌ಗಾರ: ಟ್ರೈಪಾಡ್ ಶಾಟಾದರೆ ಒಪ್ಪಿದೆ. ಕೈಯಲ್ಲಿ ಹಿಡಿದದ್ದಾದರೆ ಪ್ರತಿ ಫ್ರೇಮಲ್ಲೂ ನಡುಕ ಇರುತ್ತೆ, ನಿಮ್ಮ ಹದಿನೈದು ಕೀಫ್ರೇಮ್ ನಡುವೆ ಮಾಸ್ಕ್ ತೇಲುತ್ತೆ.

ರೀಲ್‌ಪೆಟ್ಟಿಗೆ: ಟ್ರೈಪಾಡೇ. ಟ್ರ್ಯಾಕ್ ಈಗ ಸರಿಹೋಯ್ತು. ಆದರೆ ಬೈಕ್ ದಾಟುವಾಗ ಕಂಬವೂ ಬ್ಲರ್ ಆಗ್ತಿದೆ.

ಕತ್ತರಿ: ಅದೇ ಕ್ಲಿಪ್ಪಿನ ಒಂದು ನಕಲನ್ನು ಟೈಮ್‌ಲೈನಿನಲ್ಲಿ ಮೇಲಿನ ವಿಡಿಯೋ ಸಾಲಿಗೆ ಹಾಕಿ, ಅದರಿಂದ ಬ್ಲರ್ ತೆಗೆದು, ಒಪಾಸಿಟಿಯಲ್ಲಿ (ಕ್ಲಿಪ್ ಎಷ್ಟು, ಎಲ್ಲಿ ಕಾಣಬೇಕು ಅನ್ನೋ ಸೆಟ್ಟಿಂಗ್) ಕಂಬದ ಸುತ್ತ ಮಾಸ್ಕ್ ಬರೆಯಿರಿ. ಕ್ಯಾಮೆರಾ ಅಲುಗಲ್ಲ, ಹಾಗಾಗಿ ಈ ಮಾಸ್ಕಿಗೆ ಟ್ರ್ಯಾಕಿಂಗೇ ಬೇಡ. ಫೆದರ್ (ಮಾಸ್ಕಿನ ಅಂಚು ಮೆದುವಾಗಿಸೋದು) 2-3 ಪಿಕ್ಸೆಲ್ ಸಾಕು.

ಪ್ಲೇನಾರ್: ದೂರ ಹೋದಮೇಲೆ ಪ್ಲೇಟ್ ಎಷ್ಟು ಪಿಕ್ಸೆಲ್ ಉಳಿಯುತ್ತೆ? 30-40 ಆದರೆ ಹಿಡಿಯೋಕೆ ವಿವರವೇ ಇರಲ್ಲ, ಜಾರೇ ಜಾರುತ್ತೆ. ಆಫ್ಟರ್ ಎಫೆಕ್ಟ್ಸ್ ಜೊತೆ ಮೋಕಾ ಅನ್ನೋ ಟ್ರ್ಯಾಕಿಂಗ್ ಪ್ಲಗಿನ್ ಬರುತ್ತಲ್ಲ, ಅದರಲ್ಲಿ ಟೇಲ್ ಲ್ಯಾಂಪ್, ಮಡ್‌ಗಾರ್ಡ್ ಎಲ್ಲ ಸೇರಿಸಿ ಸಡಿಲವಾಗಿ ಆಕಾರ ಬರೆದು ಟ್ರ್ಯಾಕ್ ಮಾಡಿ, ಸರ್ಫೇಸಿನ (ಟ್ರ್ಯಾಕ್ ಜೊತೆ ಸಾಗುವ ಚೌಕಟ್ಟು) ನಾಲ್ಕು ಮೂಲೆ ಮಾತ್ರ ಪ್ಲೇಟಿಗೆ ಕೂರಿಸಿ. ಕಂಬಕ್ಕೆ ಬೇರೆ ಲೇಯರ್ ಮಾಡಿ ಪಟ್ಟಿಯಲ್ಲಿ ಮೇಲಿಟ್ಟರೆ ಕೆಳಗಿನ ಟ್ರ್ಯಾಕ್ ಆ ಜಾಗವನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ಕತ್ತರಿ: ಒಂದು ಪ್ಲೇಟಿಗೆ ಮೋಕಾ! ಸೊಳ್ಳೆಗೆ ಫಿರಂಗಿ.

ಪ್ಲೇನಾರ್: ಒಂದೇ ಶಾಟಾದರೆ ಹೌದು. ಆದರೆ ಇಬ್ಬರೂ ಒಂದು ಮಾತು ಬಿಟ್ಟಿರಿ. ಫೆದರ್ ಮಾಸ್ಕಿನ ಗೆರೆಯಿಂದ ಒಳಕ್ಕೂ ಹರಡುತ್ತೆ. ಪ್ಲೇಟಿನ ಅಂಚಿಗೇ ಮಾಸ್ಕ್ ಬರೆದು ಫೆದರ್ 20 ಕೊಟ್ಟರೆ ಮೊದಲ, ಕೊನೆಯ ಅಂಕಿಗಳು ಅರ್ಧ ಬ್ಲರಲ್ಲಿ ಓದೋಕೆ ಸಿಗುತ್ತೆ. ಎಕ್ಸ್‌ಪ್ಯಾನ್ಶನ್ (ಮಾಸ್ಕನ್ನು ಹೊರಕ್ಕೆ ಹಿಗ್ಗಿಸೋದು) ಕೂಡ ಅಷ್ಟೇ ಹೆಚ್ಚಿಸಿ. ಬ್ಲರ್ ಮೊತ್ತವನ್ನು ಪ್ಲೇಟ್ ಅತಿ ದೊಡ್ಡದಾಗಿ ಕಾಣುವ ಫ್ರೇಮಲ್ಲಿ ನಿರ್ಧರಿಸಿ, ದೂರದ್ದರಲ್ಲಿ ಅಲ್ಲ.

ರೀಲ್‌ಪೆಟ್ಟಿಗೆ: ಸರಿಯಾಗಿ ಹೇಳಿದ್ರಿ. ಬಾಣದ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿದೆ. ಕಂಬ ದಾಟಿದ ಮೊದಲ ಎರಡು ಫ್ರೇಮಲ್ಲಿ ಕೊನೆಯ ಅಂಕಿ ಸ್ಪಷ್ಟವಾಗಿ ಕಾಣ್ತಿದೆ.

ನೋಡ್‌ಗಾರ: ಪ್ಲೇಟಿನ ಮುಂದಿನ ಅಂಚು ಕಂಬದಾಚೆ ಇಣುಕುತ್ತಲೇ ಒಂದು ಕೀಫ್ರೇಮ್ ಹಾಕಿ, ಮಾಸ್ಕನ್ನು ಅಲ್ಲೇ ಕೈಯಿಂದ ಎಳೆದು ತನ್ನಿ. ಪ್ಲೇಟ್ ಪೂರ್ತಿ ಕಂಡಮೇಲೆ ಅಂತ ನಾನು ಹೇಳಿದ್ದು ಟ್ರ್ಯಾಕಿಂಗ್ ಶುರುಮಾಡೋಕೆ. ಮುಚ್ಚೋದು ಅದಕ್ಕಿಂತ ಮೊದಲೇ ಶುರುವಾಗಬೇಕು.