ಹಳೇ ಎಂಜಿನಿಯರಿಂಗ್ ಜರ್ನಲ್‌ಗಳು ರದ್ದಿಗೆ: ಸರಿಯೋ ತಪ್ಪೋ?

ಕರಾವಳಿ_ಸಿವಿಲ್: ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಕಂಪ್ಯೂಟರ್ ಲ್ಯಾಬ್‌ಗೆ ಜಾಗ ಬೇಕಂತೆ. ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಹಳೇ ನಡಾವಳಿ ಸಂಪುಟಗಳು, ಜೊತೆಗೆ ಇಲ್ಲಿನ ಜರ್ನಲ್‌ಗಳು, ಎಲ್ಲ ಕೆಜಿ ಲೆಕ್ಕದಲ್ಲಿ ಮಾರ್ತಾರಂತೆ. ಹೊಟ್ಟೆ ಉರೀತದೆ ಮಾರಾಯ್ರೇ.

ಕೋಡ್_ಮಂಜ: ಮಾರಲಿ ಬಿಡಿ ಸರ್. ಪಿಡಿಎಫ್ ಸಿಗುತ್ತಲ್ಲ. ನೂರು ವರ್ಷದ ಹಿಂದಿನ ಲೆಕ್ಕ ನೋಡಿ ಈಗ ಯಾರು ಸೇತುವೆ ಕಟ್ತಾರೆ?

ಕರಾವಳಿ_ಸಿವಿಲ್: ಕಟ್ಲಿಕ್ಕಲ್ಲ, ಆಗ ಕಟ್ಟಿದ್ದನ್ನು ರಿಪೇರಿ ಮಾಡ್ಲಿಕ್ಕೆ ಬೇಕು. ಇನ್ನೊಂದು, ಆ ಸಂಪುಟಗಳಲ್ಲಿ ಪ್ರಬಂಧದ ಬೆನ್ನಿಗೇ ಸಭೆಯಲ್ಲಿ ನಡೆದ ವಾದವೂ ಅಚ್ಚಾಗಿರ್ತದೆ. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸ್ಕಾಟ್ಲೆಂಡಿನ ಟೇ ಸೇತುವೆ ರೈಲಿನ ಸಮೇತ ಬಿತ್ತು. ಅದರ ವಿನ್ಯಾಸದಲ್ಲಿ ಗಾಳಿಯ ಒತ್ತಡಕ್ಕೆ ಪ್ರತ್ಯೇಕ ಲೆಕ್ಕವೇ ಇರಲಿಲ್ಲ. ಆಮೇಲೆ ಗಾಳಿಯ ಒತ್ತಡ ಚದರ ಅಡಿಗೆ 56 ಪೌಂಡ್ ಅಂತ ಹಿಡೀಬೇಕೆಂಬ ನಿಯಮ ಬಂತು, ಅಲ್ಲಿನದೇ ಫೋರ್ತ್ ರೈಲು ಸೇತುವೆ ಅದಕ್ಕೆ ತಕ್ಕಂತೆ ಎದ್ದಿತು. ಪಠ್ಯಪುಸ್ತಕ ಹೆಚ್ಚೆಂದರೆ ಆ 56 ಹೇಳೀತು. ಅದರ ಹಿಂದಿನ ಗೊಂದಲ, ಜಗಳ ಬೇಕಾದ್ರೆ ಜರ್ನಲ್ಲೇ ಗತಿ.

ಪಿಎಚ್‌ಡಿ_ಪರದಾಟ: ಪಿಡಿಎಫ್ ಕಥೆ ನನ್ನ ಕೇಳಿ ಮಂಜಣ್ಣ. ಒಂದು ಕಮಾನು ಸೇತುವೆಯ ಡ್ರಾಯಿಂಗ್ ಬೇಕಿತ್ತು. ಮಡಚಿದ ಹಾಳೆಯನ್ನು ಬಿಚ್ಚದೇ ಸ್ಕ್ಯಾನ್ ಮಾಡಿದ್ದಾರೆ. ಎಡಗಡೆಯ ಕಂಬ ಇದೆ, ಬಲಗಡೆಯದು ಮಡಿಕೆಯೊಳಗೆ! ಫೋಟೋಗಳೋ, ಬರೀ ಕಪ್ಪು ಮಸಿ.

ಗ್ರಂಥಪಾಲಕಿ: ಕಾಗದವನ್ನೂ ಅಷ್ಟು ಹೊಗಳಬೇಡಿ. ಮರದ ತಿರುಳಿನ ಅಗ್ಗದ ಕಾಗದ ಬಂದಮೇಲಿನ ಎಷ್ಟೋ ಸಂಪುಟಗಳು ಆಮ್ಲದಿಂದ ಹಪ್ಪಳದಂತೆ ಮುರಿಯುತ್ತವೆ. ಗೆದ್ದಲು ಬೇರೆ. ಬೈಂಡ್ ಮಾಡುವಾಗ ಹೊದಿಕೆ, ಜಾಹೀರಾತು ಪುಟಗಳನ್ನು ಕಿತ್ತೆಸೆಯುವುದು ರೂಢಿ. ಯಾವ ಕಂಪನಿ ಯಾವ ಬಾಯ್ಲರ್, ಯಾವ ಪಂಪ್ ಮಾರುತ್ತಿತ್ತು ಅನ್ನೋದು ಅಲ್ಲೇ ಹೋಯಿತು.

ಕೋಡ್_ಮಂಜ: ಅದೇ ನಾನೂ ಹೇಳೋದು ಮೇಡಂ. ಬಟಾಣಿ ಗಿಡಗಳಲ್ಲಿ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಹೋಗುತ್ತವೆ ಅಂತ ತೋರಿಸಿದ ಮೆಂಡೆಲ್ ಪ್ರಬಂಧ 1866ರಲ್ಲೇ ಈಗಿನ ಚೆಕ್ ದೇಶದ ಬ್ರನೋದ ಜರ್ನಲ್‌ನಲ್ಲಿ ಬಂದಿತ್ತು, ನೂರಕ್ಕೂ ಹೆಚ್ಚು ಕಡೆಗೆ ಹೋಗಿತ್ತು. ಅದರ ಬೆಲೆ ಗೊತ್ತಾಗೋಕೆ 1900 ಬರಬೇಕಾಯ್ತು. ಕಪಾಟಿನಲ್ಲಿಟ್ಟು ಏನು ಬಂತು?

ಪಿಎಚ್‌ಡಿ_ಪರದಾಟ: ಕಪಾಟಿನಲ್ಲಿ ಇತ್ತು, ಅದಕ್ಕೇ 1900ರಲ್ಲಿ ಸಿಕ್ಕಿತು. ರದ್ದಿಗೆ ಹಾಕಿದ್ದರೆ?

ಇತಿಹಾಸ_ಹುಚ್ಚ: ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಲಂಡನ್ನಿನದನ್ನು ಲಂಡನ್ನಿನವರು ಇಟ್ಟುಕೊಂಡಿರುತ್ತಾರೆ. ಸಿ.ವಿ. ರಾಮನ್ ಬೆಳಕಿನ ಚದುರುವಿಕೆ ಕುರಿತ ತಮ್ಮ ಶೋಧದ ಬಗ್ಗೆ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಕೊಟ್ಟ ಉಪನ್ಯಾಸ ಅಚ್ಚಾಗಿದ್ದು ಕಲ್ಕತ್ತೆಯ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದರು, ಬಹಳ ದಿನ ನಡೆಯಲಿಲ್ಲ. ಇಂಥವನ್ನು ನಾವಲ್ಲದೆ ಇನ್ಯಾರು ಕಾಯ್ತಾರೆ? ಮೊದಲು ಇವು, ಆಮೇಲೆ ಉಳಿದವು.

ಕರಾವಳಿ_ಸಿವಿಲ್: ಒಪ್ಪಿದೆ. ಆದರೆ ಯಾವುದು ಬೇರೆ ಕಡೆ ಇದೆ, ಯಾವುದು ಇಲ್ಲ ಅಂತ ನೋಡದೇ ಲಾರಿಗೆ ತುಂಬ್ತಾ ಇದ್ದಾರಲ್ಲ!

ಗ್ರಂಥಪಾಲಕಿ: ಹಾಗಾದ್ರೆ ಇವತ್ತೇ ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಡಿ. ಪುಸ್ತಕ ರದ್ದು ಮಾಡೋಕೆ ಲೈಬ್ರರಿ ಕಮಿಟಿ ಒಪ್ಪಿಗೆ ಆಗಿದೆಯಾ, ರದ್ದು ಪಟ್ಟಿ ಎಲ್ಲಿದೆ ಅಂತ ಕೇಳಿ. ಪಟ್ಟಿ ಸಿಕ್ಕರೆ ಇಲ್ಲಿ ಹಾಕಿ, ಬೇರೆ ಲೈಬ್ರರಿಗಳ ಕ್ಯಾಟಲಾಗ್ ಜೊತೆ ತಾಳೆ ನೋಡೋ ಕೆಲಸ ನನಗಿರಲಿ.