4×5 ಪೋರ್ಟ್ರೇಟ್: ಕಣ್ಣಿಗೆ ಫೋಕಸ್ ಮಾಡಿದರೂ ಕಿವಿ ಶಾರ್ಪ್ ಬರುತ್ತಿದೆ, ಯಾಕೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ 4×5 ಮಾನೊರೈಲ್ ಕ್ಯಾಮೆರಾ (4×5 ಇಂಚಿನ ಬಿಡಿ ಫಿಲ್ಮ್ ಶೀಟ್ ಹಾಕುವಂಥದ್ದು) ತಗೊಂಡೆ, ಜೊತೆಗೆ 210 ಎಂ.ಎಂ. ಲೆನ್ಸ್. ಮನೆಯ ಹಾಲ್‌ನಲ್ಲೇ ಒಂದು ಫ್ಲ್ಯಾಶ್, ಒಂದು ಸಾಫ್ಟ್‌ಬಾಕ್ಸ್ (ಬೆಳಕು ಮೃದು ಮಾಡುವ ಡಬ್ಬ) ಇಟ್ಟುಕೊಂಡು ಪೋರ್ಟ್ರೇಟ್ ಕಲಿಯುತ್ತಿದ್ದೇನೆ. ಹೋದ ಭಾನುವಾರ ಅಮ್ಮನನ್ನು ಕೂರಿಸಿ ಎಂಟು ಶೀಟ್ ತೆಗೆದೆ. ಕಪ್ಪು ಬಟ್ಟೆ ಹೊದ್ದು, ಗ್ರೌಂಡ್ ಗ್ಲಾಸಿಗೆ (ಕ್ಯಾಮೆರಾ ಹಿಂದಿನ ಮಸುಕು ಗಾಜು) ಲೂಪ್ (ಭೂತಗನ್ನಡಿ) ಒತ್ತಿ, ತಲೆಕೆಳಗಾಗಿ ಕಾಣುವ ಅಮ್ಮನ ಕಣ್ಣಿಗೇ ಫೋಕಸ್ ಮಾಡಿದ್ದೆ. ಡೆವಲಪ್ ಮಾಡಿ ನೋಡಿದರೆ ಆರರಲ್ಲಿ ಕಣ್ಣು ಮಸುಕು, ಕಿವಿಯ ಓಲೆ ಮಾತ್ರ ಹರಳು ಹರಳಾಗಿ ಎಣಿಸಬಹುದು. ಮೇಲಾಗಿ ಎಲ್ಲಾ ನೆಗೆಟಿವ್ ತೆಳು, ಅಂದರೆ ಪೇಲವ. ಬೆಳಕಿನ ಮೀಟರ್ ಲೆನ್ಸಿನ ತೆರಪು ಎಫ್/8 ಅಂತ ತೋರಿಸಿತ್ತು, ಅದನ್ನೇ ಇಟ್ಟಿದ್ದೆ. ಶೀಟಿನ ಬೆಲೆ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಲೆನ್ಸಿನಲ್ಲೇ ದೋಷ ಇದೆಯಾ, ನಾನೇ ಏನಾದರೂ ತಪ್ಪು ಮಾಡ್ತಿದ್ದೀನಾ?

ಕತ್ತಲೆಕೋಣೆ

ಲೆನ್ಸ್ ಚೆನ್ನಾಗೇ ಇದೆ. ಎರಡು ಶೀಟಿನಲ್ಲಿ ಕಣ್ಣು ಸರಿಯಾಗಿ ಬಂದಿದೆ ಅಂದಮೇಲೆ ಅದರ ಮೇಲೆ ಅನುಮಾನ ಬೇಡ.

ಮೊದಲು ತೆಳು ನೆಗೆಟಿವ್ ವಿಷಯ. ಲೆನ್ಸ್ ಬೋರ್ಡಿನಿಂದ ಗ್ರೌಂಡ್ ಗ್ಲಾಸಿನವರೆಗೆ ಟೇಪ್ ಹಿಡಿದು ಅಳೆಯಿರಿ. ತಲೆ-ಭುಜದ ಫ್ರೇಮ್ ಆದರೆ ಸುಮಾರು 26 ಸೆಂ.ಮೀ. ಬರುತ್ತದೆ. ಬೆಲ್ಲೋಸ್ (ಲೆನ್ಸಿಗೂ ಗಾಜಿಗೂ ನಡುವಿನ ಮಡಿಕೆ ಚೀಲ) ಎಳೆದಷ್ಟೂ ಫಿಲ್ಮಿಗೆ ಬೆಳಕು ಕಮ್ಮಿ ಸಿಗುತ್ತದೆ, ಕೈಮೀಟರಿಗೆ ಅದು ಗೊತ್ತಾಗಲ್ಲ. 26ನ್ನು 21ರಿಂದ (ನಿಮ್ಮ 210 ಎಂ.ಎಂ. ಅಂದರೆ 21 ಸೆಂ.ಮೀ.) ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಹತ್ತಿರ ಹತ್ತಿರ 1.5 ಬರುತ್ತದೆ, ಅಂದರೆ ಅರ್ಧ ಸ್ಟಾಪಿಗಿಂತ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ಸ್ವಲ್ಪ ಜಾಸ್ತಿ ಬೆಳಕು ಕೊಡಬೇಕು.

ಇನ್ನು ಫೋಕಸ್. ಆ ದೂರದಲ್ಲಿ ಎಫ್/8ಕ್ಕೆ ಚೂಪಾಗಿ ಬರುವ ಜಾಗ ಮೂರೂವರೆ ಸೆಂ.ಮೀ. ಅಷ್ಟೇ. ನೀವು ಶಟರ್ ಮುಚ್ಚಿ, ಕಾಕ್ ಮಾಡಿ (ಅದರ ಸ್ಪ್ರಿಂಗ್ ಎಳೆದಿಟ್ಟು), ಹೋಲ್ಡರ್ (ಶೀಟ್ ಇರುವ ಚೌಕಟ್ಟು) ತೂರಿಸಿ, ಡಾರ್ಕ್ ಸ್ಲೈಡ್ (ಅದರ ಬೆಳಕು ತಡೆಯುವ ಮುಚ್ಚಳ) ಎಳೆಯುವಷ್ಟರಲ್ಲಿ ಅಮ್ಮ ಏನು ನಡೀತಿದೆ ಅಂತ ಸುಮ್ನೆ ಒಂಚೂರು ಮುಂದೆ ಬಾಗಿರುತ್ತಾರೆ. ಫೋಕಸ್ ಇದ್ದಲ್ಲೇ ಇದೆ, ಅಲ್ಲಿಗೆ ಈಗ ಕಿವಿ ಬಂದಿದೆ. ತೆರಪು ಕಿರಿದು ಮಾಡಿ ಎಫ್/16ಕ್ಕೆ ಹೋದರೆ ಏಳು ಸೆಂ.ಮೀ. ಸಿಗುತ್ತದೆ. ಆಗ ಕಮ್ಮಿಯಾಗುವ ಬೆಳಕಿಗೆ ಸಾಫ್ಟ್‌ಬಾಕ್ಸ್ ಹತ್ತಿರ ತಂದು ಫ್ಲ್ಯಾಶ್ ಜಾಸ್ತಿ ಮಾಡಿ. ಲೀಫ್ ಶಟರ್ (ಲೆನ್ಸಿನೊಳಗೇ ಇರುವ ಶಟರ್) ಆದ್ದರಿಂದ ಯಾವ ಸ್ಪೀಡಿನಲ್ಲೂ ಫ್ಲ್ಯಾಶ್ ಜೊತೆ ಸಿಂಕ್ ಆಗುತ್ತದೆ, 1/125 ಇಟ್ಟರೆ ಹಾಲ್‌ನ ಬಲ್ಬಿನ ಬೆಳಕು ಸೇರಲ್ಲ.

ಹಳೇಸ್ಟುಡಿಯೋ

ಮೇಲಿನವರು ಹೇಳಿದ್ದು ಸರಿ ತಮ್ಮಾ, ಆದರೆ ಎಫ್/16 ನಂಬಿಕೊಂಡು ಕೂರಬೇಡ. ಕೂತವರನ್ನು ಅಲುಗದ ಹಾಗೆ ಕೂರಿಸೋದು ಕಲಿ, ಈ ಕೆಲಸದ ಮುಕ್ಕಾಲು ಪಾಲು ಅದೇ.

ನಮ್ಮಪ್ಪ ಹಾಸನದ ಕಡೆ ಸ್ಟುಡಿಯೋ ಇಟ್ಟಿದ್ದರು. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ, ತೇಗದ ಮರ, ಹಿತ್ತಾಳೆ ತಿರುಪು. ಅಪ್ಪ ಕ್ಯಾಮೆರಾ ಮುಟ್ಟೋ ಮುಂಚೆ ಕುರ್ಚಿ ಸರಿ ಮಾಡೋರು. ಬೆನ್ನು ಕುರ್ಚಿಗೆ ತಾಗಬೇಕು, ಎರಡೂ ಪಾದ ನೆಲದ ಮೇಲೆ ಊರಿರಬೇಕು. ಸ್ಟೂಲ್ ಮೇಲೆ ಕೂರಿಸಿದರೆ ಯಾರೇ ಆಗಲಿ ತೂಗಾಡುತ್ತಾರೆ. ಆಮೇಲೆ ಒಂದು ದಾರ. ಒಂದು ತುದಿ ಲೆನ್ಸಿನ ಪಕ್ಕ ಕಟ್ಟು. ಫೋಕಸ್ ಮಾಡಿದ ತಕ್ಷಣ ದಾರವನ್ನು ಬಿಗಿಯಾಗಿ ಎಳೆದು, ಕಣ್ಣಿನ ಕೆಳಗೆ ಕೆನ್ನೆಯ ಮೂಳೆಗೆ ತಾಗೋ ಕಡೆ ಗಂಟು ಹಾಕು. ಹೋಲ್ಡರ್ ಹಾಕಿ ಸ್ಲೈಡ್ ಎಳೆದ ಮೇಲೆ ಮತ್ತೆ ಹಿಡಿದು ನೋಡು. ಗಂಟು ಕೆನ್ನೆಗೆ ತಾಗಿದರೆ ದಾರ ಬಿಟ್ಟು ಒತ್ತು. ತಾಗದಿದ್ದರೆ ಅಮ್ಮನಿಗೆ ಹೇಳು, ಒಂಚೂರು ಹಿಂದೆ, ಒಂಚೂರು ಮುಂದೆ ಅಂತ.

ಒತ್ತುವಾಗ ಬಟ್ಟೆಯೊಳಗೆ ಇರಬೇಡ. ಹೋಲ್ಡರ್ ಹಾಕಿದ ಮೇಲೆ ಗಾಜಿನಲ್ಲಿ ಹೇಗೂ ಏನೂ ಕಾಣಲ್ಲ. ಕೇಬಲ್ ರಿಲೀಸ್ (ಶಟರ್ ಒತ್ತೋ ತಂತಿ) ಹಿಡಿದು ಲೆನ್ಸಿನ ಪಕ್ಕ ನಿಂತು ಅವರ ಮುಖ ನೋಡುತ್ತಾ ಮಾತಾಡು. ಬೇರೆ ಕ್ಯಾಮೆರಾದಲ್ಲಿ ಮುಖ ಮುಚ್ಚಿಕೊಂಡೇ ತೆಗೀಬೇಕು, ಇದರಲ್ಲಿ ಎದುರಾಬದುರು ಇರಬಹುದು. ನನಗೆ ಈ ಕ್ಯಾಮೆರಾ ಇಷ್ಟ ಆಗೋದೇ ಅದಕ್ಕೆ.

ಕಾವ್ಯಾ_ಎಂ

ಬೆಲೆ ಬಗ್ಗೆ ಒಂದು ಮಾತು. ಅಭ್ಯಾಸಕ್ಕೆ ಎಕ್ಸ್‌ರೇ ಫಿಲ್ಮ್ ಬಳಸಿ. ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ 8×10 ಇಂಚಿನದು ಸಿಗುತ್ತದೆ, ಒಂದರಲ್ಲಿ ನಾಲ್ಕು ತುಂಡು. ಹೋಲ್ಡರಿನೊಳಗೆ ಜಾರಲು ಅಂಚನ್ನು ಕೂದಲೆಳೆಯಷ್ಟು ಸವರಬೇಕು. ಕೆಂಪು ಬೆಳಕಿನಲ್ಲೇ ಕತ್ತರಿಸಿ ಡೆವಲಪ್ ಮಾಡಬಹುದು, ಕಣ್ಣೆದುರೇ ಮುಖ ಮೂಡುತ್ತದೆ. ಎರಡೂ ಕಡೆ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ಇರೋದರಿಂದ ಬೇಗ ಗೀರು ಬೀಳುತ್ತದೆ. ಟ್ರೇ ತಳಕ್ಕೆ ಗಾಜು ಹಾಕಿ, ಒಂದೊಂದೇ ಶೀಟ್ ಮಾಡಿ. ಈ ಫಿಲ್ಮಿಗೆ ಕೆಂಪು ಕಾಣಲ್ಲ, ಹಾಗಾಗಿ ತುಟಿ, ಮೊಡವೆ ಎಲ್ಲಾ ಕಪ್ಪಾಗಿ ಬರುತ್ತವೆ. ವಯಸ್ಸಾದವರ ಮುಖಕ್ಕೆ ನನಗಂತೂ ಅದು ತುಂಬಾ ಹಿಡಿಸಿದೆ.

ಮತ್ತೆ ಡಾರ್ಕ್ ಸ್ಲೈಡ್ ವಾಪಸ್ ಹಾಕುವಾಗ ಕಪ್ಪು ಅಂಚು ಹೊರಗೆ ಇರಲಿ. ಬಿಳಿ ಅಂದರೆ ಹೊಸ ಶೀಟ್, ಕಪ್ಪು ಅಂದರೆ ತೆಗೆದಾಗಿದೆ. ನಾನು ಇದನ್ನು ಮರೆತು ಅಜ್ಜಿಯ ಮೇಲೆ ತಂಗಿಯನ್ನು ತೆಗೆದುಬಿಟ್ಟಿದ್ದೆ, ಎರಡೂ ಹೋಯಿತು.

ತುಂಗಾತೀರ

ನಿನ್ನೆ ಮತ್ತೆ ಕೂರಿಸಿದೆ. ದಾರ ಕಟ್ಟಿದೆ, ಎಫ್/16, ಬೆಲ್ಲೋಸ್ ಲೆಕ್ಕ ಸೇರಿಸಿದೆ. ಹಳೇಸ್ಟುಡಿಯೋ ಅಣ್ಣ, ದಾರ ಕೆನ್ನೆಗೆ ತಾಗಿದಾಗಲೆಲ್ಲ ಅಮ್ಮ ನಕ್ಕರು, ಆ ನಗು ಇಳಿಯುವವರೆಗೆ ಕಾದು ಒತ್ತಿದೆ. ಆರರಲ್ಲಿ ಐದು ಕಣ್ಣಿಗೇ ಬಂದಿವೆ. ಒಂದನ್ನು ಲೂಪ್ ಇಟ್ಟು ನೋಡಿದೆ: ಕಣ್ಣಿನ ಪಾಪೆಯಲ್ಲಿ ಸಾಫ್ಟ್‌ಬಾಕ್ಸಿನ ಚೌಕ, ಅದರ ಪಕ್ಕ ಕೇಬಲ್ ಹಿಡಿದು ನಿಂತಿರುವ ನಾನು.