ಏಳನೇ ತರಗತಿಯವರಿಗೆ ಸ್ಪ್ಯಾನಿಷ್ ಕಥೆಗಳು: ನೀವು ಯಾವ ಪುಸ್ತಕ ಕೊಟ್ಟಿರಿ?

ಆಸ್ಟಿನ್‌ನಿಂದ ಒಬ್ಬ ತಾಯಿ ಕೇಳಿದ್ದು:
ಮಗಳು ಏಳನೇ ತರಗತಿ. ಶಾಲೆಯಲ್ಲಿ ಸ್ಪ್ಯಾನಿಷ್ ತೆಗೆದುಕೊಂಡು ಇದು ಎರಡನೇ ವರ್ಷ. ಇಂಗ್ಲಿಷಿನಲ್ಲಿ ದಪ್ಪ ಕಾದಂಬರಿಗಳನ್ನು ಒಂದೇ ಉಸಿರಿಗೆ ಮುಗಿಸುವವಳು. ಸ್ಪ್ಯಾನಿಷಿನಲ್ಲಿ ಅವಳಿಗೆ ಎಟಕುವ ಪುಸ್ತಕ ಕೊಟ್ಟರೆ "ಇದು ಪುಟ್ಟ ಮಕ್ಕಳದು" ಎಂದು ಮೂಗು ಮುರಿಯುತ್ತಾಳೆ, ವಯಸ್ಸಿಗೆ ತಕ್ಕದ್ದು ಕೊಟ್ಟರೆ ಎರಡನೇ ಪುಟಕ್ಕೇ ಸುಸ್ತು. ಅಪ್ಪ-ಅಮ್ಮ ನಮಗಿಬ್ಬರಿಗೂ ಆ ಭಾಷೆ ಬಾರದು. ದಾರಿ ಕಂಡವರು ದಯವಿಟ್ಟು ಹೇಳಿ.

ನ್ಯೂಜೆರ್ಸಿಯ ಸ್ಪ್ಯಾನಿಷ್ ಶಿಕ್ಷಕಿ:
ಸುಸ್ತಾಗುವುದು ಹೊಸ ಪದಗಳಿಂದಲ್ಲ, ಕ್ರಿಯಾಪದಗಳಿಂದ. ಮೊದಲ ವರ್ಷದ ಪಾಠವೆಲ್ಲ ಬಹುಪಾಲು ವರ್ತಮಾನ ಕಾಲದಲ್ಲಿ. ಕಥೆ ನಡೆಯುವುದು ಭೂತಕಾಲದಲ್ಲಿ, ಅದರಲ್ಲೂ ಎರಡು ಬಗೆ: ಆಗಿ ಮುಗಿದದ್ದಕ್ಕೆ ಒಂದು ರೂಪ, ಆಗುತ್ತಲೇ ಇದ್ದದ್ದಕ್ಕೆ ಇನ್ನೊಂದು. ಇದರ ಜೊತೆಗೆ ಸಂಭಾಷಣೆಗೆ ಉದ್ಧರಣ ಚಿಹ್ನೆ ಇರುವುದಿಲ್ಲ. ಸಾಲಿನ ಆರಂಭದಲ್ಲಿ ಉದ್ದನೆಯ ಗೆರೆ ಬಂದರೆ ಮಾತು ಶುರು, ನಡುವೆ ಮತ್ತೊಂದು ಗೆರೆ ಬಂದರೆ ಮಾತು ನಿಲ್ಲಿಸಿ ಲೇಖಕ ಹೇಳುತ್ತಿದ್ದಾನೆ ಎಂದರ್ಥ. ಇದನ್ನು ಯಾರೂ ಹೇಳಿಕೊಡದೆ ಪುಸ್ತಕ ಕೈಗಿತ್ತರೆ, ಮಾತಾಡುತ್ತಿರುವವರು ಯಾರೆಂದೇ ಮಗುವಿಗೆ ತಿಳಿಯುವುದಿಲ್ಲ.

ಕಲಿಯುವವರಿಗೆಂದೇ ಸೀಮಿತ ಪದಗಳಲ್ಲಿ ಬರೆದ ಪುಟ್ಟ ಕಾದಂಬರಿಗಳಿವೆ. ಬ್ಲೇನ್ ರೇ ಅವರ 'ಪೋಬ್ರೆ ಆನಾ' ಆ ಜಾತಿಯದು. ಕಥೆ ಸಪ್ಪೆ, ಹೊಗಳಲಾರೆ. ಆದರೂ ಒಂದು ಪುಸ್ತಕವನ್ನು ಪೂರ್ತಿ ಓದಿದೆ ಎಂಬ ಧೈರ್ಯ ಅದರಿಂದ ಬರುತ್ತದೆ. ಒಂದೆರಡು ಓದಿಸಿ, ಅಲ್ಲಿಗೇ ಬಿಡಿ.

ಆಮೇಲೆ ನಾನು ಕೊಡುವುದು ಮೆಕ್ಸಿಕೋದ ಫ್ರಾನ್ಸಿಸ್ಕೊ ಇನೊಹೋಸಾ 1992ರಲ್ಲಿ ತಂದ 'ಲಾ ಪೆಯೋರ್ ಸೆನ್ಯೋರಾ ದೆಲ್ ಮುಂದೊ', ಅಂದರೆ ಜಗತ್ತಿನಲ್ಲೇ ಅತಿ ಕೆಟ್ಟ ಹೆಂಗಸಿನ ಕಥೆ. ಈ ಮಹಾತಾಯಿ ಮಕ್ಕಳಿಗೆ ಬೆಳಗಿನ ತಿಂಡಿಗೆ ನಾಯಿಯ ಆಹಾರ ಬಡಿಸುತ್ತಾಳೆ. ತುಂಟತನ ಮಾಡಿದರೂ ಕಣ್ಣಿಗೆ ನಿಂಬೆರಸ ಹಿಂಡುತ್ತಾಳೆ, ಕಸ ಗುಡಿಸಿಕೊಟ್ಟರೂ ಹಿಂಡುತ್ತಾಳೆ. ಚಿತ್ರಗಳಿರುವ ತೆಳು ಪುಸ್ತಕ, ಆದರೆ ಹನ್ನೆರಡು ವರ್ಷದವರು ಇದನ್ನು ಪುಟ್ಟ ಮಕ್ಕಳದು ಎಂದು ತಳ್ಳಿದ್ದನ್ನು ನಾನು ಕಂಡಿಲ್ಲ. ಕ್ರೌರ್ಯ ಅವರಿಗೆ ಬಲು ಪ್ರೀತಿ! ಇನ್ನೊಂದು ಲಾಭ: ಆಕೆಯ ದುಷ್ಟತನಗಳೆಲ್ಲ ದಿನನಿತ್ಯದವು, ಹಾಗಾಗಿ 'ಮಾಡುತ್ತಿದ್ದಳು' ಎಂಬ ಭೂತಕಾಲದ ರೂಪ ಪುಟಪುಟಕ್ಕೂ ಬಂದು ತಾನಾಗಿಯೇ ತಲೆಯಲ್ಲಿ ಕೂರುತ್ತದೆ.

ಸ್ಯಾನ್ ಹೋಸೆಯ ಒಬ್ಬ ತಂದೆ:
ನನ್ನ ಮಗ ಮೊದಲಿನಿಂದಲೂ ಎರಡು ಭಾಷೆಯ ಶಾಲೆಯಲ್ಲಿ ಓದಿದವನು, ನಿಮ್ಮ ಮಗಳಿಗಿಂತ ಮುಂದಿದ್ದ. ನಮಗೆ ಆಸರೆಯಾದದ್ದು ಸ್ಪೇನ್‌ನ ಎಸ್‌ಎಂ ಪ್ರಕಾಶನ 1978ರಿಂದ ತರುತ್ತಿರುವ 'ಎಲ್ ಬಾರ್ಕೊ ದೆ ವಪೋರ್' ಮಾಲೆ. ಬಿಳಿ, ನೀಲಿ, ಕಿತ್ತಳೆ, ಕೆಂಪು ಎಂದು ಚಿಕ್ಕವರಿಂದ ದೊಡ್ಡವರವರೆಗೆ ವಯಸ್ಸಿಗೊಂದು ಬಣ್ಣ. ಅದು ಅಲ್ಲಿಯ ಮಕ್ಕಳ ಲೆಕ್ಕ. ಕೆಂಪಿನ ವಯಸ್ಸಿನ ಮಗುವಿಗೆ ನೀಲಿ ಕೊಟ್ಟು ನೋಡಿ.

ಎಲ್ಲರೂ ಹೇಳುವ 'ಮನೊಲೀತೊ ಗಫೋತಾಸ್' ಮಾತ್ರ ಈಗಲೇ ಬೇಡ. ಎಲ್ವಿರಾ ಲಿಂದೊ ಅವರ ಆ ಹುಡುಗ ಮ್ಯಾಡ್ರಿಡ್‌ನ ಕರಾಬಂಚೆಲ್ ಬಡಾವಣೆಯವನು. ಬೀದಿಮಾತಿನಲ್ಲೇ ಕಥೆ ಹೇಳುತ್ತಾನೆ. ನಮ್ಮ ಶಾಲೆಗಳು ಸಾಮಾನ್ಯವಾಗಿ ಕಲಿಸುವುದು ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್. 'ನೀವೆಲ್ಲ' ಎನ್ನುವುದಕ್ಕೇ ಸ್ಪೇನ್‌ನಲ್ಲಿ ಬೇರೆ ಸರ್ವನಾಮ, ಬೇರೆ ಕ್ರಿಯಾರೂಪ.

ಮಗ ಮನಸ್ಸಿಗೆ ಹಚ್ಚಿಕೊಂಡದ್ದು ಫ್ರಾನ್ಸಿಸ್ಕೊ ಹಿಮೆನೆಸ್ ಅವರ 'ಕಾಹಾಸ್ ದೆ ಕಾರ್ತೋನ್'. ಇಲ್ಲೇ ಪಕ್ಕದ ಸಾಂತಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಸ್ಟ್ರಾಬೆರಿ, ದ್ರಾಕ್ಷಿ, ಹತ್ತಿ ಎಂದು ಬೆಳೆಯ ಹಿಂದೆ ಊರೂರು ಅಲೆದ ತಮ್ಮ ಬಾಲ್ಯವನ್ನೇ ಬರೆದಿದ್ದಾರೆ. ಒಂದು ಕಥೆಯಲ್ಲಿ ಮೇಷ್ಟ್ರು ಹುಡುಗನಿಗೆ ಟ್ರಂಪೆಟ್ ಕಲಿಸುತ್ತೇನೆ ಎನ್ನುತ್ತಾರೆ. ಕುಣಿಯುತ್ತಾ ಮನೆಗೆ ಬಂದರೆ ಸಾಮಾನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ಕಟ್ಟಿಟ್ಟಿದೆ. ಪುಟ್ಟ ಪುಟ್ಟ ವಾಕ್ಯಗಳು, ಅಲಂಕಾರವಿಲ್ಲ.

ಗ್ರಂಥಾಲಯಕ್ಕೆ ಹೋದಾಗ ಒಂದು ಎಚ್ಚರ: ಪುರಾ ಬೆಲ್ಪ್ರೆ ಪ್ರಶಸ್ತಿಯ ಮುದ್ರೆ ಇದ್ದ ಮಾತ್ರಕ್ಕೆ ಪುಸ್ತಕ ಸ್ಪ್ಯಾನಿಷಿನಲ್ಲಿದೆ ಎಂದಲ್ಲ. ಅದು ಲ್ಯಾಟಿನೊ ಬದುಕಿನ ಬರವಣಿಗೆಗೆ ಕೊಡುವ ಪ್ರಶಸ್ತಿ, ಅನೇಕವು ಇಂಗ್ಲಿಷಿನವೇ.

ಬೆಂಗಳೂರಿನಿಂದ ಇನ್ನೊಬ್ಬ ತಾಯಿ:
ನಿಮಗೆ ಅಲ್ಲಿ ಗ್ರಂಥಾಲಯವಿದೆ. ಇಲ್ಲಿ ತರಿಸಿಕೊಂಡರೆ ಸಾಗಣೆಯೇ ಪುಸ್ತಕದ ಬೆಲೆಯನ್ನು ಮೀರಿಸುತ್ತದೆ. ಹಾಗಾಗಿ ನಾವು ಉರುಗ್ವೆಯ ಒರಾಸಿಯೊ ಕಿರೋಗಾ ಅವರ 1918ರ 'ಕ್ವೆಂತೋಸ್ ದೆ ಲಾ ಸೆಲ್ವಾ' ಹಿಡಿದೆವು. ಅವರು ತೀರಿಕೊಂಡದ್ದು 1937ರಲ್ಲಿ, ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಹಾವುಗಳ ನೃತ್ಯಕೂಟಕ್ಕೆ ಹೋಗಲು ಫ್ಲೆಮಿಂಗೊಗಳು ಕಾಲುಚೀಲ ಹುಡುಕುವ ಕಥೆಯಿಂದ ಶುರು ಮಾಡಿ. ಗೂಬೆ ಅವಕ್ಕೆ ಕೊಡುವುದು ಹಾವಿನ ಚರ್ಮ! ಗುಟ್ಟು ಬಯಲಾಗಿ ಹಾವುಗಳು ಕಚ್ಚಿದ ಕಾಲುಗಳು ಇಂದಿಗೂ ಕೆಂಪು. ಕಾಡಿನ ಹೆಸರುಗಳು ಕಷ್ಟ, ಪ್ರಾಣಿಗಳ ಚಿತ್ರಸಹಿತ ಪಟ್ಟಿ ಮಾಡಿಕೊಡಿ.

ಭಾಷೆ ಬಾರದ ನಮ್ಮಂಥವರೂ ಒಂದು ಕೆಲಸ ಮಾಡಬಹುದು. ಸ್ಪ್ಯಾನಿಷಿನಲ್ಲಿ ಬರೆದಂತೆಯೇ ಓದುವುದು ಹೆಚ್ಚು. ಅಕ್ಷರಗಳ ನಿಯಮ ಬೇಗ ಕಲಿಯಬಹುದು. ಪುಟದ ಮೇಲೆ ಬೆರಳಿಟ್ಟು ಮಗುವಿನಿಂದ ಗಟ್ಟಿಯಾಗಿ ಓದಿಸಿ, ಪುಟದ ಕೊನೆಗೆ ಏನಾಯಿತೆಂದು ಕನ್ನಡದಲ್ಲಿ ಹೇಳಿಸಿ. ಅರ್ಥವಾಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಚಿಕಾಗೋದಿಂದ ಒಬ್ಬರು:
ಇಂಗ್ಲಿಷಿನಲ್ಲಿ ಓದಿರುವುದನ್ನೇ ಅನುವಾದದಲ್ಲಿ ಕೊಟ್ಟರೆ ಆಗದೇ? ಕಥೆ ಮೊದಲೇ ಗೊತ್ತಿರುತ್ತದೆ.

ಶಿಕ್ಷಕಿ ಮತ್ತೆ:
ಕೊಡಿ, ತಪ್ಪೇನಿಲ್ಲ. ಆದರೆ ಅವು ದಪ್ಪ, ಓದು ಮಧ್ಯದಲ್ಲೇ ನಿಲ್ಲುತ್ತದೆ. ಅವಳಿಗೆ ಅತಿ ಪ್ರಿಯವಾದ ಅಧ್ಯಾಯ ಒಂದನ್ನೇ ಆರಿಸಿ. ಗ್ರಂಥಾಲಯದ ಲಿಬ್ಬಿ ಆ್ಯಪಿನಲ್ಲಿ ಅದೇ ಪುಸ್ತಕದ ಧ್ವನಿಮುದ್ರಿಕೆ ಇದ್ದರೆ ಕಿವಿಗೂ ಹಾಕಿ.